ಓರಿನ್ ಟಿಬ್ಬೆಟ್‌ನ ಭುಜದ ಅಳತೆ

ತೋಟಾ ಪೆಟ್ಟಿಗೆಯ ಮೇಲಿನ ಅಂಕಿ ಅಂಗಿಯ ಅಳತೆಯಿದ್ದ ಹಾಗೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ತುಂಬ ದೊಡ್ಡ ಕಾಲವೇನಲ್ಲ, ವಯೊಮಿಂಗ್‌ನ ಈ ಸಾಲ್ಟ್‌ವೆಲ್ ಊರಿನ ಹಾರ್ಡ್‌ವೇರ್ ಅಂಗಡಿಗೆ ಸಂಬಳಕ್ಕೆ ಸೇರಿದ ಮೊದಲ ವಾರದ ಮಟ್ಟಿಗೆ. ನಾನು ಒಮಾಹಾ ಶಹರದ ಹುಡುಗ. ಕುದುರೆಯನ್ನು ಮೆರವಣಿಗೆಯಲ್ಲಿ ಕಂಡಿದ್ದೆ, ಬಂದೂಕನ್ನು ಬ್ಯಾಂಕಿನ ಕಾವಲುಗಾರನ ಸೊಂಟದಲ್ಲಿ ಕಂಡಿದ್ದೆ. ಅಂಗಡಿಯಲ್ಲಿ ಮೊಳೆ, ಬೇಲಿತಂತಿ, ದನ ನೆಕ್ಕುವ ಉಪ್ಪಿನ ಗಟ್ಟಿ, ಹುಳದ ಔಷಧಿಯ ಜತೆಗೆ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ತೋಟಾಗಳೂ ಇದ್ದವು: ಇನ್ನೂರ ನಲವತ್ತಮೂರು, ಇನ್ನೂರ ಎಪ್ಪತ್ತು, ಮುನ್ನೂರು. ನನ್ನ ಬುದ್ಧಿವಂತಿಕೆಗೆ ಇಷ್ಟು ಸಾಕಾಯಿತು. ಕಡ್ಡಿಯಂಥ ಒಬ್ಬ ಅಜ್ಜಿ ಬಂದಾಗ ಆಕೆಯನ್ನು ಮೇಲಿಂದ ಕೆಳಗೆ ನೋಡಿ, ಕೇಳುವ ಮೊದಲೇ ಇನ್ನೂರ ನಲವತ್ತಮೂರರ ಪೆಟ್ಟಿಗೆ ತೆಗೆದಿಟ್ಟೆ. ಆಕೆಗೂ ಅದೇ ಬೇಕಿತ್ತು. ನನ್ನ ಶಾಸ್ತ್ರ ಪಕ್ಕಾ ಆಯಿತು.

ಅದರ ಬೆನ್ನಿಗೇ ಓರಿನ್ ಟಿಬ್ಬೆಟ್ ಒಳಗೆ ಬಂದ. ಬಂದ ಅನ್ನುವುದಕ್ಕಿಂತ ಬಾಗಿಲು ಮುಚ್ಚಿಹೋಯಿತು ಅನ್ನಬೇಕು, ಅಷ್ಟು ಅಗಲದ ಆಳು. "ಹುಲ್ಲೆ ಬೇಟೆಗೆ ತೋಟಾ ಕೊಡಪ್ಪ" ಎಂದ. ನಾನು ಅವನ ಹೆಗಲಿನಿಂದ ಹೆಗಲಿಗೆ ಕಣ್ಣಲ್ಲೇ ಅಳೆದು, "ನಿಮಗೆ ಮುನ್ನೂರೇ ಬೇಕು ಸಾರ್. ಅದಕ್ಕಿಂತ ಕಡಿಮೆಯದು ಬಿಗಿಯಾಗುತ್ತೆ" ಎಂದೆ.

ಬಣ್ಣದ ಡಬ್ಬಿಗಳು ಅದುರುವ ಹಾಗೆ ಓರಿನ್ ನಕ್ಕ. ಅವನ ಹಿಂದೆ ನಿಂತಿದ್ದ ಕ್ಲೀಟಸ್, ಅಂದರೆ ಅವನ ಹೆಂಡತಿಯ ತಮ್ಮ, ಉಪ್ಪಿನ ಗಟ್ಟಿಗಳ ಮೇಲೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡ. "ಅಯ್ಯೋ ಭಾವ, ಅಂಗಡೀಲಿ ದರ್ಜಿ ಇಟ್ಟವ್ರೆ ಕಣೋ! ತೋಳಿನ ಉದ್ದಾನೂ ತಗಸ್ಕೋ!"

ಆ ಅಂಕಿ ಬಂದೂಕಿನ ನಳಿಗೆಯದು, ಮನುಷ್ಯನ ಮೈಯದಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಅಂದಿನಿಂದ ಈ ಊರಿನಲ್ಲಿ ನನ್ನ ಹೆಸರು ದರ್ಜಿ. ತಾಯಿ ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿದೆ. ಆದರೆ ನಾನು ಹೇಳಹೊರಟಿರುವುದು ನನ್ನ ಕತೆಯನ್ನಲ್ಲ, ಓರಿನ್‌ನದು. ಅರ್ಧವನ್ನು ಅವನ ಹೆಂಡತಿ ನೇಡಿನ್ ಮೊಳೆ ಕೊಳ್ಳಲು ಬಂದಾಗಲೆಲ್ಲ ಹೇಳಿದಳು, ಉಳಿದರ್ಧವನ್ನು ಅವನೇ ಹೇಳಿದ.

ಓರಿನ್ ಬೇಲಿಯ ಆಳು. ಊರಿನ ಸುತ್ತ ದನ ಸಾಕುವ ರಾಂಚುಗಳಿಗೆಲ್ಲ ಮುಳ್ಳುತಂತಿ ಎಳೆಯುವವನು. ಅವನ ಅಪ್ಪನೂ ಅದೇ ಕೆಲಸದವನು, ಮಗನನ್ನು ಸಾಕಿದ್ದು ಅರ್ಧ ಆಲೂಗಡ್ಡೆಯಿಂದ, ಅರ್ಧ ಕುದುರೆಯ ಬಾರಿನಿಂದ. ಆ ಬಾರಿನ ಏಟನ್ನು ಓರಿನ್ ಊರಿಗೆಲ್ಲ ಹಂಚಿದ. ಒಬ್ಬ ಲಾರಿಯವನು ಬೇಕೆಂದೇ ಬೇಲಿ ಕತ್ತರಿಸಿದಾಗ ಅವನ ಮುಂದಿನ ಹಲ್ಲುಗಳನ್ನು ಸಾರಾಯಿ ಅಂಗಡಿಯ ಹೊಸ್ತಿಲ ಮೇಲೆ ಉದುರಿಸಿದ. ಬೂಟಿನೊಳಗೆ ಮಲಗಿದ್ದ ಬುಡುಬುಡಿಕೆ ಹಾವನ್ನು ಬಾಲ ಹಿಡಿದೆಳೆದು ಕಂಬಕ್ಕೆ ಬಡಿದ. ಇಂಥವನ ಕೈಯಲ್ಲಿ ಊರಿನ ಅತಿ ದೊಡ್ಡ ಬಂದೂಕು ಇರುವುದು ಎಲ್ಲರಿಗೂ ನ್ಯಾಯವೆಂದೇ ಕಂಡಿತ್ತು. ಆ ಮುನ್ನೂರರ ಮ್ಯಾಗ್ನಮ್, ಹೆಚ್ಚು ಮದ್ದಿನ ಭಾರಿ ಬಂದೂಕು, ಹುಲ್ಲೆಗೆ ಬೇಕಾಗಿಯೇ ಇರಲಿಲ್ಲ. ಕವಲುಕೊಂಬಿನ ಹುಲ್ಲೆ ಎಷ್ಟು ದೊಡ್ಡದು? ಒಂದು ಒಳ್ಳೆಯ ಮೇಕೆಯಷ್ಟು. "ನೀನು ಹೊಡ್ಕೊಂಡ್ ಬಂದ್ರೆ ಮುಂಗಾಲೆರಡೂ ಜಾಮ್ ಆಗಿರುತ್ತೆ. ಬ್ರೆಡ್ಡಿಗೆ ಸವರ್ಬೇಕಷ್ಟೆ" ಎಂದು ನೇಡಿನ್ ಪ್ರತಿ ವರ್ಷ ಗೊಣಗುತ್ತಿದ್ದಳು. ಆಕೆಯದು ಇನ್ನೂರ ನಲವತ್ತಮೂರು. ಅದನ್ನು ಕ್ಲೀಟಸ್ ಹೊಲಿಗೆ ಮೆಷಿನ್ನು ಎಂದು ಕರೆಯುತ್ತಿದ್ದ.

ಹೀಗಿರುವಾಗ, ನಾನು ಈ ಊರಿಗೆ ಬರುವ ಕೆಲವು ವರ್ಷ ಮೊದಲಿನ ಒಂದು ವಸಂತದಲ್ಲಿ, ದನಗಳಿಗೆ ಮುದ್ರೆ ಹಾಕುವ ಕೊಟ್ಟಿಗೆಯಲ್ಲಿ, ಒಂದು ಹೋರಿ ಓರಿನ್‌ನನ್ನು ಕಬ್ಬಿಣದ ಕೊಳವೆಗಳಿಗೆ ಒತ್ತಿ ಹಿಂಡಿತು. ಬಲಗಡೆಯ ಕೊರಳೆಲುಬು ಒಣಕಡ್ಡಿಯಂತೆ ಲಟಲಟ ಮುರಿದದ್ದು ಕೊಟ್ಟಿಗೆಯ ಆಚೆಗೂ ಕೇಳಿಸಿತಂತೆ. ಎಲುಬು ಚರ್ಮ ಹರಿದು ಹೊರಗೆ ಇಣುಕುತ್ತಿದ್ದಾಗಲೇ ಅವನು ಎಡಗೈಯಲ್ಲಿ ಸಲಾಕೆ ಎತ್ತಿ ಹೋರಿಯ ಮೂತಿಗೆ ಬಾರಿಸಿ, ಅದನ್ನು ಮಂಡಿಯೂರಿಸಿ, ಆಮೇಲೆ ತಾನು ಬಿದ್ದ. ಡಾಕ್ಟರು ಉಕ್ಕಿನ ಪಟ್ಟಿಯಿಟ್ಟು ತಿರುಪು ಹಾಕಿ ಕಳುಹಿಸಿದರು. ಊರು ಸಲಾಕೆಯ ಕತೆಯನ್ನು ಹಾಡಿ ಹೊಗಳಿತು. ಪಟ್ಟಿಯ ಕತೆ ಯಾರಿಗೂ ಬೇಕಿರಲಿಲ್ಲ, ಅವನಿಗೂ.

ಆ ಶರತ್ಕಾಲದಲ್ಲಿ ಅವನು ಮ್ಯಾಗ್ನಮ್ಮನ್ನು ಹೆಗಲಿಗಿಟ್ಟು ಟ್ರಿಗರ್ ಒತ್ತಿದಾಗ ಅದು ಸರಿಯಾಗಿ ಆ ಉಕ್ಕಿನ ಮೇಲೆಯೇ ಒದೆಯಿತು. ಕಣ್ಣಿಗೆ ಬಿಳಿ ಹಾಯ್ದು ಬಾಯಿಯೆಲ್ಲ ಪಿತ್ತವಾಯಿತು. ಮುಂದಿನ ಗುಂಡಿಗೆ ಅವನು ಹಿಡಿಯನ್ನು ಭುಜದಿಂದ ಒಂದು ಕೂದಲೆಳೆ ದೂರ ಹಿಡಿದ. ಬಂದೂಕು ಹಿಂದಕ್ಕೆ ನೆಗೆದು, ಅದರ ಮೇಲೆ ಕೂರಿಸಿದ್ದ ದುರ್ಬೀನಿನ ಅಂಚು ಹುಬ್ಬನ್ನು ಎಲುಬಿನವರೆಗೆ ಸೀಳಿತು. ರಕ್ತ ಗಡ್ಡದಿಂದ ತೊಟ್ಟಿಕ್ಕುತ್ತಿದ್ದವನನ್ನು ನೋಡಿ ಕ್ಲೀಟಸ್, "ಭಾವನಿಗೆ ಬಂದೂಕು ಮುತ್ತು ಕೊಟ್ಟೈತೆ ಕಣ್ರೋ!" ಎಂದು ಕೂಗಿದ. ಓರಿನ್ ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗುವಿನೊಂದಿಗೇ ಭಯ ಒಳಗೆ ಬಂದು ಬಿಡಾರ ಹೂಡಿತು. ಆಮೇಲಿನ ವರ್ಷಗಳಲ್ಲಿ ಅವನ ಬೆರಳು ಟ್ರಿಗರನ್ನು ಮುಟ್ಟಿದ ಕೂಡಲೇ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಭುಜ ತಾನಾಗಿ ಮುಂದಕ್ಕೆ ಜಿಗಿಯುತ್ತಿತ್ತು. ಗುಂಡು ದೊಡ್ಡದಾದ್ದರಿಂದ, ಎಲ್ಲಿ ತಾಗಿದರೂ ಹುಲ್ಲೆ ಬಿದ್ದುಬಿಡುತ್ತಿತ್ತು. ಬಿದ್ದಿತಲ್ಲ, ಅಷ್ಟು ಸಾಕಿತ್ತು.

ನಾನು ಅಳತೆ ತೆಗೆದ ವರ್ಷ ಅಷ್ಟು ಸಾಕಾಗಲಿಲ್ಲ.

ಹುಲ್ಲೆ ಬೇಲಿ ಹಾರುವುದಿಲ್ಲ. ಗಾಳಿಯನ್ನು ಹಿಂದೆ ಹಾಕಿ ಓಡುವ ಪ್ರಾಣಿ, ಎದೆಮಟ್ಟದ ತಂತಿ ಎದುರಾದರೆ ಹೊಟ್ಟೆಯನ್ನು ನೆಲಕ್ಕೊತ್ತಿ ಕೆಳಗಿನಿಂದ ನುಸುಳುತ್ತದೆ. ಆ ಕಂಡಿಗಳೆಲ್ಲ ಓರಿನ್‌ಗೆ ಗೊತ್ತು. ಅಲ್ಲೆಲ್ಲ ಕೆಳತಂತಿಯನ್ನು ಮುಳ್ಳಿಲ್ಲದ್ದು ಹಾಕಿ, ಒಂದು ಗೇಣು ಎತ್ತರಿಸಿ ಕಟ್ಟಿದವನೇ ಅವನು. ಅಂಥದೊಂದು ಕಂಡಿಯ ಮುಂದೆ ಗಂಡು ಹುಲ್ಲೆ ಪಕ್ಕೆ ತೋರಿಸಿಕೊಂಡು ನಿಂತಿತ್ತು, ಕಲ್ಲೆಸೆಯುವ ದೂರದಲ್ಲಿ. ಓರಿನ್‌ನ ಪಕ್ಕದಲ್ಲಿ ಕ್ಲೀಟಸ್ ದುರ್ಬೀನು ಹಿಡಿದು ಮಲಗಿದ್ದ. ಗುಂಡು ಹಾರಿತು. ಹುಲ್ಲೆ ತಲೆ ಕೊಡವಿತು. ಅದರ ಕೆಳದವಡೆ ಚರ್ಮದ ಒಂದು ಪಟ್ಟಿಗೆ ನೇತಾಡುತ್ತಿತ್ತು, ನಾಲಿಗೆ ಕೊರಳವರೆಗೆ ಜೋತುಬಿದ್ದಿತ್ತು. ಅದೇ ಸ್ಥಿತಿಯಲ್ಲಿ ಅದು ಓಡಿತು. ಮಂದೆಗಿಂತ ಮುಂದೆ ಓಡಿತು.

ಅವನು ಕೆಲಸ ಬಿಟ್ಟು ಅದರ ಹಿಂದೆ ಅಲೆದ. ದೂರದಿಂದ ಕಾಣುತ್ತಿತ್ತು, ಹತ್ತಿರ ಬಿಡುತ್ತಿರಲಿಲ್ಲ. ದನದ ನೀರಿನ ತೊಟ್ಟಿಗೆ ಬಂದು, ಮುಖವನ್ನು ಕಣ್ಣಿನವರೆಗೆ ನೀರಿನಲ್ಲಿ ಮುಳುಗಿಸಿ, ಕುಡಿಯಲಾಗದೆ ಎತ್ತುತ್ತಿತ್ತು. ತೊಟ್ಟಿಯ ನೀರು ಕೆಂಪಗಾಗಿ ದನಗಳು ಮೂಸಿ ಹಿಂದೆ ಸರಿದವು. ಕೊನೆಗೆ ಕಟುವಾಸನೆಯ ಸೇಜ್ ಪೊದೆಗಳ ನಡುವೆ ಅದು ಸಿಕ್ಕಿದಾಗ ಎರಡು ಕಯೋಟಿ ನರಿಗಳು ಹಿಂದಿನಿಂದ ತಿನ್ನಲು ಶುರುಮಾಡಿದ್ದವು. ಹುಲ್ಲೆಗೆ ಇನ್ನೂ ಜೀವವಿತ್ತು, ಕಿವಿ ಆಡುತ್ತಿತ್ತು. ಓರಿನ್ ಒಂದು ನರಿಯ ಬೆನ್ನೆಲುಬನ್ನು ಬಂದೂಕಿನ ಹಿಡಿಯಿಂದಲೇ ಮುರಿದ. ಹುಲ್ಲೆಯ ಕೊರಳನ್ನು ಚಾಕುವಿನಿಂದ ಕುಯ್ದ. ಹರಿಯುವಷ್ಟು ರಕ್ತವೂ ಅದರಲ್ಲಿ ಉಳಿದಿರಲಿಲ್ಲ.

ಅವನು ಮನೆಗೆ ಬಂದು ಕೈ ತೊಳೆಯುತ್ತಿದ್ದಾಗ ನೇಡಿನ್ ಬಾಗಿಲಲ್ಲಿ ನಿಂತು ಹೇಳಿದಳು: "ನೋಡು, ಇನ್ನೊಂದ್ಸಲ ಹಿಂಗಾದ್ರೆ ಬಂದೂಕು ಬಾವಿಗೆ. ನೀನಾಗೇ ಹಾಕ್ಬೇಕು. ನಾನು ಹಾಕಿದ್ರೆ ಅದ್ರ ಜೊತೆ ನಿನ್ನೂ ಹಾಕ್ತೀನಿ."

"ಆಯ್ತು" ಎಂದ ಓರಿನ್. ಬೇಟೆಯಿಲ್ಲದ ಶರತ್ಕಾಲ ಅವನಿಗೆ ಕೈಯಿಲ್ಲದ ಅಂಗಿಯಂತೆ. ಆದರೂ ಆಯ್ತು ಎಂದ.

ಮುಂದಿನ ವರ್ಷ ಬೇಟೆಯ ಋತು ತೆರೆಯುವ ಮೊದಲು ಎಲ್ಲರೂ ಜಲ್ಲಿ ತೆಗೆದ ಹಳ್ಳದಲ್ಲಿ ಸೇರಿದರು. ಪ್ರತಿ ವರ್ಷದ ವಾಡಿಕೆ ಅದು, ಬಂದೂಕಿನ ಗುರಿ ಸರಿಯಿದೆಯೇ ಎಂದು ರಟ್ಟಿನ ಮೇಲೆ ಹೊಡೆದು ನೋಡುವುದು. ಈ ಹಳ್ಳಕ್ಕೆ ಅದರದೇ ಒಂದು ಕಟ್ಟಳೆಯಿದೆ: ನಿನ್ನ ಬಂದೂಕಿಗೆ ತೋಟಾ ನೀನು ತುಂಬುವ ಹಾಗಿಲ್ಲ. ಪಕ್ಕದವರು ಬೆನ್ನು ತಿರುಗಿಸಿ ತುಂಬಿ ಕೊಡಬೇಕು. ಒಳಗೆ ಜೀವಂತ ತೋಟಾ ಇದೆಯೋ, ಗುಂಡು ಹಾರಿಹೋದ ಖಾಲಿ ಚಿಪ್ಪಿದೆಯೋ ಹೊಡೆಯುವವನಿಗೆ ಗೊತ್ತಿರಬಾರದು. ಖಾಲಿ ಇದ್ದಾಗ ಕಟ್ಟನೆ ಸದ್ದಾಗುತ್ತದೆ ಅಷ್ಟೆ. ಆಗ ನಳಿಗೆ ಅಲುಗದಿದ್ದರೆ ಅವನು ಹೊಡೆಯಬಲ್ಲ, ಅಲುಗಿದರೆ ಹೆದರುತ್ತಾನೆ. ಉಕ್ಕಿನ ಪಟ್ಟಿ ಕೂತಂದಿನಿಂದ ಓರಿನ್ ಏನಾದರೊಂದು ನೆವ ಹೇಳಿ ಹಳ್ಳಕ್ಕೆ ಬರುವುದನ್ನು ತಪ್ಪಿಸುತ್ತಿದ್ದ. ಈ ಸಲ ನೇಡಿನ್ ಟ್ರಕ್ಕಿನ ಚಾವಿಯನ್ನು ತಾನೇ ಇಟ್ಟುಕೊಂಡು ಗಾಡಿಯನ್ನು ಹಳ್ಳದತ್ತ ತಿರುಗಿಸಿದ್ದಳು.

ಆಕೆಯೇ ಬೆನ್ನು ತಿರುಗಿಸಿ ತುಂಬಿ ಕೊಟ್ಟಳು. ಓರಿನ್ ಮಲಗಿ ಗುರಿಯಿಟ್ಟ.

ಕಟ್.

ಗುಂಡು ಹಾರಲಿಲ್ಲ, ಹಾರಿದ್ದು ಓರಿನ್. ಅಷ್ಟು ದೊಡ್ಡ ಮೈ ಹಾವು ಕಚ್ಚಿದಂತೆ ಮುಂದಕ್ಕೆ ಚಿಮ್ಮಿತು, ನಳಿಗೆಯ ತುದಿ ಜಲ್ಲಿಗೆ ಕುಟ್ಟಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದವು.

ಕ್ಲೀಟಸ್‌ಗೆ ಸುಮ್ಮನಿರುವುದು ಹುಟ್ಟಿನಿಂದಲೇ ಬಂದದ್ದಲ್ಲ. "ಭಾವಾ, ಕಣ್ ಬಿಡು. ಪ್ರಾರ್ಥನೆ ಮುಗೀತು, ಆಮೆನ್!"

ಓರಿನ್ ಎದ್ದ. ಬಂದೂಕನ್ನು ಹೆಂಡತಿಯ ಕೈಗೆ ಮೆಲ್ಲನೆ ಕೊಟ್ಟ. ಆಮೇಲೆ ಕ್ಲೀಟಸ್‌ನ ಮುಖದ ಮಧ್ಯಕ್ಕೆ ಗುದ್ದಿದ. ಮೂಗಿನ ಎಲುಬು ಒಡೆದು, ಅವನು ಬೆನ್ನಡಿಯಾಗಿ ಜಲ್ಲಿಯ ಮೇಲೆ ಬಿದ್ದು, ರಕ್ತ ಬಾಯಿಗಿಳಿದು ಕೆಮ್ಮತೊಡಗಿದ. ಓರಿನ್ ಅವನ ಎದೆಯ ಮೇಲೆ ಕುಳಿತು ಇನ್ನೆರಡು ಕೊಟ್ಟ. ಮತ್ತೊಂದಕ್ಕೆ ಕೈ ಎತ್ತಿದಾಗ ಭುಜದೊಳಗಿನ ಪಟ್ಟಿ ಚುಳುಕ್ಕೆಂದು, ಮೇಲೆತ್ತಿದ ಮುಷ್ಟಿ ಅಲ್ಲೇ ನಿಂತುಹೋಯಿತು.

"ಹೊಡಿ, ಯಾಕ್ ನಿಲ್ಸಿದೆ?" ಎಂದಳು ನೇಡಿನ್. ಅವಳ ಧ್ವನಿ ಏರಲಿಲ್ಲ. "ಅವನ್ ಮೂಗು ಮುರುದ್ರೆ ನಿನ್ ಕಣ್ ಬಿಟ್ಕೊಳುತ್ತೆ ಅಂದ್ರೆ ನಾನೂ ಒಂದ್ ಕೊಡ್ತೀನಿ."

"ಅಕ್ಕಾ!" ಎಂದ ಕ್ಲೀಟಸ್ ನೆಲದಿಂದ.

"ಬಾಯ್ ಮುಚ್ಕೊಂಡು ರಕ್ತ ಸುರಿಸೋ ನೀನು."

ಮರುದಿನ ಓರಿನ್ ಅಂಗಡಿಗೆ ಬಂದ. ಗೆಣ್ಣುಗಳ ಚರ್ಮ ಕಿತ್ತುಹೋಗಿತ್ತು. ಬೇರೆ ಗಿರಾಕಿಗಳು ಹೋಗುವವರೆಗೆ ಇಲಿಬೋನುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡುತ್ತ ನಿಂತ. ಆಮೇಲೆ ಕಟ್ಟೆಯ ಹತ್ತಿರ ಬಂದು ಕೆಳದನಿಯಲ್ಲಿ, "ಇನ್ನೂರ್ ನಲ್ವತ್ಮೂರು ಒಂದ್ ಪೆಟ್ಗೆ" ಎಂದ.

"ನೇಡಿನ್ ಅವರಿಗಾ?" ಎಂದೆ ನಾನು. ನನಗೆ ಬಾಯಿ ಇರುವುದೇ ಎಡವುವುದಕ್ಕೆ.

"ಹೂಂ, ನೇಡಿನ್‌ಗೆ." ಒಂದು ಗಳಿಗೆ ನನ್ನನ್ನು ದಿಟ್ಟಿಸಿದ. "ಹಗುರದ್ ಗುಂಡಿಂದು ಬೇಡ. ಅದು ಚರ್ಮಕ್ ತಾಗಿದ್ ಕೂಡ್ಲೇ ಚೂರಾಗುತ್ತೆ. ನರಿಗ್ ಸರಿ ಅದು. ಭಾರದ್ದು ಕೊಡು, ಪಕ್ಕೆ ದಾಟಿ ಒಳಗ್ ಹೋಗ್ಬೇಕು."

ಕೊಟ್ಟೆ. ಅವನು ಪೆಟ್ಟಿಗೆಯನ್ನು ಕೋಟಿನ ಒಳಜೇಬಿಗೆ, ಮದ್ಯದ ಶೀಸೆಯನ್ನು ಬಚ್ಚಿಡುವವನ ಹಾಗೆ ಇಳಿಸಿದ. ಬಾಗಿಲವರೆಗೆ ಹೋಗಿ ತಿರುಗಿದ. "ದರ್ಜಿ, ಅವತ್ತು ನೀ ಅಳತೆ ತಪ್ಪಾಗ್ ತಗೊಂಡೆ ಕಣೋ. ಹೊರಗಿಂದ ತಗೊಂಡೆ."

ಋತುವಿನ ಮೊದಲ ಬೆಳಗ್ಗೆ ಗಾಳಿ ಬೇಲಿತಂತಿಗಳಲ್ಲಿ ಸಿಳ್ಳು ಹಾಕುತ್ತಿತ್ತು. ಟ್ರಕ್ಕಿನಲ್ಲಿ ಮೂವರೂ ಇದ್ದರು. ಕ್ಲೀಟಸ್‌ನ ಮೂಗಿಗೆ ಪಟ್ಟಿ ಅಂಟಿತ್ತು, ಎರಡೂ ಕಣ್ಣಿನ ಕೆಳಗೆ ನೀಲಿಗಟ್ಟಿತ್ತು. ಒಂದೇ ಮನೆಯ ಬೇಟೆ ಮೊದಲಿಂದಲೂ ಒಟ್ಟಿಗೇ ನಡೆದದ್ದು, ಒಂದು ಮೂಗಿನ ಸಲುವಾಗಿ ಅದನ್ನು ಮುರಿಯುವ ರೂಢಿ ಇಲ್ಲಿಲ್ಲ. ಓರಿನ್‌ನ ಮಡಿಲಲ್ಲಿ ಹೊಲಿಗೆ ಮೆಷಿನ್ನು ಇತ್ತು. ಕ್ಲೀಟಸ್ ಅದನ್ನು ನೋಡಿ ಮೂಗು ಮುಟ್ಟಿಕೊಂಡ.

ದಿಬ್ಬ ಏರಿ ಮಲಗಿ ನೋಡಿದರೆ ಮಂದೆ ಬಯಲಿನ ಆಚೆ ತುದಿಯಲ್ಲಿ ಮೇಯುತ್ತಿತ್ತು. ಅದರಲ್ಲಿ ಕಪ್ಪು ಮೂತಿಯ ದೊಡ್ಡ ಗಂಡು.

"ಭಾವ, ಬಹಳ ದೂರ ಐತೆ. ಗಾಳಿ ಬೇರೆ. ಅದ್ರಲ್ಲಿ ಆಗಲ್ಲ" ಎಂದು ಕ್ಲೀಟಸ್, ಭಾವನನ್ನು ನೋಡಿ ತಾನೂ ಕೊಂಡಿದ್ದ ಮ್ಯಾಗ್ನಮ್ಮನ್ನು ಮುಂದೆ ಚಾಚಿದ. ಹಂಗಿಸುವ ದನಿಯಲ್ಲ, ನಿಜವಾಗಿಯೇ. "ಇದನ್ ತಗೋ. ನಾ ಯಾರ್ಗೂ ಹೇಳಲ್ಲ."

ಓರಿನ್‌ನ ಭುಜ ಅದನ್ನು ಕಂಡೇ ಹಿಂದೆ ಸರಿಯಿತು. "ದೂರ ಇದ್ರೆ ಹತ್ರ ಹೋಗ್ತೀನಿ" ಎಂದು ಹೊಟ್ಟೆಯ ಮೇಲೆ ತೆವಳತೊಡಗಿದ.

ನೆಲಗಳ್ಳಿಯ ಮುಳ್ಳು ಮೊಣಕೈಗೆ, ಹೊಟ್ಟೆಗೆ, ತೊಡೆಗೆ ಇಳಿದವು. ಅವನು ಕೀಳಲು ನಿಲ್ಲಲಿಲ್ಲ. ಅವನು ಹೊರಟದ್ದು ಹುಲ್ಲೆಯ ಕಡೆಗಲ್ಲ, ಕಂಡಿಯ ಕಡೆಗೆ. ಗಾಳಿ ಜೋರಾದರೆ ಮಂದೆ ಬೇಲಿ ದಾಟಿ ತಗ್ಗಿಗಿಳಿಯುತ್ತದೆಂದು ಅವನಿಗೆ ಗೊತ್ತಿತ್ತು. ಕಂಬದ ಬುಡದ ಪೊದೆಯಲ್ಲಿ ಅಡಗಿ ಕಾದ. ಹೆಣ್ಣುಗಳು ಒಂದೊಂದಾಗಿ ನುಸುಳಿದವು. ಕಡೆಗೆ ಗಂಡು ಬಂದು, ತಂತಿಯ ಮುಂದೆ ಪಕ್ಕೆ ತಿರುಗಿಸಿ ನಿಂತಿತು. ಅದೇ ನಿಲುವು. ಹೋದ ವರ್ಷದ್ದೇ ಎದ್ದು ಬಂದಂತೆ.

ಓರಿನ್ ಹಿಡಿಯನ್ನು ಭುಜದೊಳಗಿನ ಉಕ್ಕಿನ ಮೇಲೆ ಗಟ್ಟಿಯಾಗಿ ಒತ್ತಿಕೊಂಡ. ಒಳಗೆ ಚಿಪ್ಪು ಖಾಲಿ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡ. ಹುಲ್ಲೆಯ ಮುಂಗಾಲಿನ ಹಿಂದೆ ದುರ್ಬೀನಿನ ಗುರಿಗೆರೆ ನಿಂತಿತು. ಬೆರಳು ಬಿಗಿಯಿತು.

ಸದ್ದಾಯಿತು. ಬಂದೂಕು ಕರು ಗುದ್ದಿದಂತೆ ಮೆಲ್ಲಗೆ ಗುದ್ದಿತು. ಕಣ್ಣು ತೆರೆದೇ ಇದ್ದವು.

ಎಷ್ಟೋ ವರ್ಷಗಳ ಮೇಲೆ ಅವನು ತನ್ನ ಗುಂಡು ತಾಗಿದ್ದನ್ನು ಕಂಡ. ಪಕ್ಕೆಯ ಚರ್ಮ ಕೊಳದ ನೀರಿನಂತೆ ಕಂಪಿಸಿತು, ಕೂದಲಿನಿಂದ ಧೂಳೆದ್ದಿತು, ಆಚೆ ಬದಿಯಿಂದ ಕೆಂಪು ತುಂತುರು ತಂತಿಯ ಮೇಲೆ ಬಿತ್ತು. ಹುಲ್ಲೆ ನಾಲ್ಕು ಹೆಜ್ಜೆ ಹಾರಿತು, ಮೂಗಿನಿಂದ ನೊರೆರಕ್ತ ಉಕ್ಕಿತು, ಎದೆ ನೆಲವನ್ನು ಉಳುತ್ತ ಬಿದ್ದು ಗೊರಸಿನಿಂದ ಮಣ್ಣು ಕೆದರಿತು. ಕೆದರುವುದೂ ನಿಂತಿತು. ಓರಿನ್ ಪೂರ್ತಿ ನೋಡಿದ. ಇಷ್ಟು ವರ್ಷ ತಾನು ಕಣ್ಣು ಮುಚ್ಚಿ ತಪ್ಪಿಸಿಕೊಂಡದ್ದು ಬಂದೂಕಿನ ಒದೆಯನ್ನಷ್ಟೇ ಅಲ್ಲ ಎಂದು ಅವನಿಗೆ ಆಗ ಹೊಳೆಯಿತಂತೆ.

ಆಗಲೇ ದಿಬ್ಬದ ಮೇಲಿಂದ ಮ್ಯಾಗ್ನಮ್ ಗುಡುಗಿತು. ಚೆದುರಿ ಓಡುತ್ತಿದ್ದ ಮಂದೆಯ ಮೇಲೆ ಕ್ಲೀಟಸ್ ಆ ದೂರದಿಂದಲೇ ಬಿಟ್ಟಿದ್ದ. ಎಳೆಯ ಗಂಡೊಂದರ ಹಿಂಭಾಗ ಕುಸಿಯಿತು. ಅದು ಮುಂಗಾಲುಗಳಲ್ಲಿ ತನ್ನನ್ನು ತಾನೇ ಎಳೆದುಕೊಂಡು, ಕರುಳನ್ನು ನೆಲಕ್ಕೆ ಬಿಟ್ಟುಕೊಂಡು, ಕಂಡಿಯವರೆಗೆ ಬಂದು ತಂತಿಯಡಿ ತಲೆ ತೂರಿಸಿತು. ನುಸುಳಲಾಗಲಿಲ್ಲ. ಕೊಂಬು ತಂತಿಗೆ ಸಿಕ್ಕಿ ಇಡೀ ಬೇಲಿ ಕಂಬದಿಂದ ಕಂಬಕ್ಕೆ ಅದುರುತ್ತಿತ್ತು. ಓರಿನ್ ಓಡಿದ. ಹತ್ತಿರ ನಿಂತು ಕೊರಳಿಗೆ ಒಂದು ಗುಂಡು ಹೊಡೆದ. ಬೇಲಿ ಅಲುಗಾಟ ನಿಲ್ಲಿಸಿತು.

ಟ್ರಕ್ಕು ಇಳಿದು ಬಂದಿತು. ಕ್ಲೀಟಸ್ ಕರುಳು ಎಳೆದು ಬಂದ ಕೆಂಪು ಗೆರೆಯನ್ನು ನೋಡುತ್ತ ನಿಂತ. "ಗಾಳಿ ಎಳ್ಕೊಂಡ್ ಹೋಯ್ತು ಭಾವ" ಎಂದ. ಓರಿನ್ ಸೊಂಟದ ಚಾಕು ಎಳೆದ.

ಬಿಸಿ ಇಳಿಯುವ ಮೊದಲೇ ಚರ್ಮ ಬಿಚ್ಚಬೇಕು, ಇಲ್ಲದಿದ್ದರೆ ಈ ಮಾಂಸ ಸೇಜ್ ವಾಸನೆ ಹೊಡೆಯುತ್ತದೆ. ಕ್ಲೀಟಸ್ ಹಿಂಗಾಲು ಅಗಲಿಸಿ ಹಿಡಿದ, ಓರಿನ್ ಹೊಟ್ಟೆ ಸೀಳಿದ, ನೇಡಿನ್ ಮೊಣಕೈವರೆಗೆ ಕೈ ತೂರಿಸಿ ಒಳಗಿನದನ್ನೆಲ್ಲ ಒಮ್ಮೆಗೇ ಹೊರಗೆಳೆದಳು. ದೊಡ್ಡ ಗಂಡಿನ ಎರಡು ಮುಂಗಾಲೂ ಚೊಕ್ಕವಾಗಿದ್ದವು, ಶ್ವಾಸಕೋಶದಲ್ಲಿ ಹೆಬ್ಬೆಟ್ಟಿನಗಲದ ತೂತು. ಆಕೆ ಆ ತೂತಿಗೆ ಬೆರಳಿಟ್ಟು ನೋಡಿ, ತಲೆ ಎತ್ತದೆ ಕೇಳಿದಳು:

"ಹೋದ್ವರ್ಷದ್ದು, ಆ ದವಡೆದು. ಹೊಡೆಯೋ ಮುಂಚೆನೇ ಗೊತ್ತಿತ್ತಾ ನಿಂಗೆ, ಭುಜ ಅದುರುತ್ತೆ ಅಂತ?"

ಓರಿನ್ ಚಾಕುವನ್ನು ಹುಲ್ಲಿಗೆ ಒರೆಸಿದ. "ಗೊತ್ತಿತ್ತು."

"ಗೊತ್ತಿದ್ದೂ ಯಾಕ್ ಹೊಡ್ದೆ ಮಾರಾಯ?"

ಓರಿನ್ ಹುಲ್ಲೆಯ ಕಾಲು ಹಿಡಿದು ನಿಂತಿದ್ದ ಕ್ಲೀಟಸ್‌ನನ್ನು ಚಾಕುವಿನ ತುದಿಯಿಂದ ತೋರಿಸಿದ.

"ಇವ್ನು ನೋಡ್ತಿದ್ದ."